ಎಡಗಡೆ ಬಾಗಿಲು

ಬಣ್ಣ ಹೊಡೆದ ಜಾಗದಲ್ಲಿ ನಿಲ್ಲದೆ ಹಿಂದಕ್ಕೆ ಸರಿಯುತ್ತಿತ್ತು. ಈರೇಶ ಸ್ಪ್ರೇ ಗನ್ನಿನ ಕುದುರೆಯಿಂದ ಬೆರಳು ತೆಗೆದ. ಮಾಸ್ಕನ್ನು ಹಣೆಗೇರಿಸಿ ಫಿಯಟ್ ಕಾರಿನ ಎಡಗಡೆ ಮುಂಬಾಗಿಲಿನ ಎದುರು ಕುಕ್ಕರುಗಾಲಲ್ಲಿ ಕೂತ. ಈಗಷ್ಟೇ ಕನ್ನಡಿ ಹಾಗೆ ಹರಡಿಕೊಂಡಿದ್ದ ತಿಳಿ ಹಸಿರಿನಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟು ಕುಳಿಗಳು ಏಳುತ್ತಿದ್ದವು. ನೋಡನೋಡುತ್ತಲೇ ಅವು ಅಗಲವಾಗಿ ಅಡಿಯ ಬೂದು ಪ್ರೈಮರ್ ಕಾಣಿಸಿತು.

"ಮೇಸ್ತ್ರೀ, ಇಲ್ ಬರ್ರೀ ಒಂದ್ ನಿಮ್ಷ," ಎಂದು ಕೂಗಿದವನು ತಕ್ಷಣ ಕೈ ಅಡ್ಡ ಮಾಡಿದ. "ಬ್ಯಾಡ ಬ್ಯಾಡ, ಅಲ್ಲೇ ಇರಿ. ವಾಸ್ನೆ ಇಳೀಲಿ. ಅಕ್ಕ ನೋಡುದ್ರೆ ನನ್ನ ಉಳ್ಸಲ್ಲ."

ಗಾಡಿ ಶೆಡ್ಡಿನಲ್ಲಿ ಈರೇಶನಿಗೆ ಬಣ್ಣದ ಕೆಲಸ ಕಲಿಸಿದ್ದ ದೊಡ್ಡರಂಗಯ್ಯ ನಲವತ್ತು ಹೆಜ್ಜೆ ಆಚೆ, ಪಂಪ್‌ಸೆಟ್ ಮನೆಯ ಮುಂದಿನ ಚಪ್ಪಡಿಯ ಮೇಲೆ ಕೂತಿದ್ದ. ಗನ್ನು ಓಡುವಾಗ ಅವನು ಕೂರಬೇಕಾದ ಜಾಗ ಅದು ಎಂದು ಹೆಂಡತಿ ಪುಟ್ಟಗಂಗಮ್ಮ ಬೆಳಿಗ್ಗೆಯೇ ಗಾಳಿ ಬೀಸುವ ದಿಕ್ಕು ನೋಡಿ ತೋರಿಸಿದ್ದಳು. ಹೊಗೆಯಂಥ ಬಣ್ಣದ ಮಂಜು ತೆಂಗಿನ ಮರಗಳ ನಡುವೆ ಕರಗಿಹೋಗುವವರೆಗೂ ತಡೆದು, ಆಮೇಲೆ ಎದ್ದು ಬಂದ.

ಕುಳಿಗಳೆಲ್ಲ ಕೂಡಿಕೊಂಡು ಒಂದು ಆಕಾರ ಆಗಿದ್ದವು. ಅಂಗೈ, ಹೆಬ್ಬೆರಳು, ನಾಲ್ಕು ಬೆರಳು.

"ಯಾರೋ ಎಣ್ಣೆ ಕೈ ಇಟ್ಟವ್ರೆ," ಎಂದ ಈರೇಶ. "ನಾನು ಥಿನ್ನರ್ ಬಟ್ಟೇಲಿ ಒರೆಸಿದ್ನಲ್ಲ ಮೇಸ್ತ್ರಿ?"

"ಒರೆಸ್ದೆ ಕಣ್ಲಾ, ನಾನೇ ನೋಡ್ದೆ. ಇದು ಕೊಬ್ರಿ ಎಣ್ಣೆ. ಪ್ರೈಮರ್ ಒಳೀಕೆ ಕುಡ್ಕಂಡೈತೆ. ಒಂದೇ ಸಲಕ್ಕೆ ಬುಡಲ್ಲ."

"ಶೆಡ್ಡಲ್ಲಿ ನಾನೇನಾರ ಹಿಂಗ್ ಮುಟ್ಟಿದ್ದಿದ್ರೆ ಪಾನಾ ತಗಂಡು ಬೆನ್ನಿಗೆ ಎಸೀತಿದ್ರಿ."

"ಎಸೀತಿದ್ದೆ."

"ಈಗ ಯಾರಿಗ್ ಎಸೀತೀರಿ?"

ದೊಡ್ಡರಂಗಯ್ಯ ಬಗ್ಗಿ ನೋಡಿದ. ಬಾಗಿಲಿನ ಮೇಲಿದ್ದ ಉಂಗುರದ ಬೆರಳಿನ ಗುರುತು ಅರ್ಧಕ್ಕೇ ನಿಂತಿತ್ತು. ಹನ್ನೆರಡು ವರ್ಷದ ಹಿಂದೆ ಕಾಯಿ ಒಡೆಯುವಾಗ ಮಚ್ಚು ಜಾರಿ ಪುಟ್ಟಗಂಗಮ್ಮನ ಆ ಬೆರಳಿನ ನರ ಹೋಗಿತ್ತು. ಅಂದಿನಿಂದ ಅದು ನೆಟ್ಟಗೆ ಚಾಚುತ್ತಿರಲಿಲ್ಲ.

ಆ ಕಾರು ಮೊದಲು ದಬ್ಬೇಘಟ್ಟದ ಒಬ್ಬ ಕಂಟ್ರಾಕ್ಟರದು. ನಲವತ್ತು ವರ್ಷದ ಹಿಂದೆ ಅದು ತಿಪಟೂರಿನ ಶೆಡ್ಡಿಗೆ ಬಂದಾಗ ಅಲ್ಲಿನ ಹಿರಿಯ ಮೇಸ್ತ್ರಿ ಜ್ವರ ಬಂದು ಮಲಗಿದ್ದರು. ಇಪ್ಪತ್ಮೂರರ ದೊಡ್ಡರಂಗಯ್ಯ ಮೊದಲ ಸಲ ಒಂದು ಇಡೀ ಗಾಡಿಯನ್ನು ಒಬ್ಬನೇ ಬಡಿದು, ಉಜ್ಜಿ, ಬಣ್ಣ ಹೊಡೆದಿದ್ದ. ಆಮೇಲೆ ಎಷ್ಟು ಗಾಡಿ ಅವನ ಕೈಯಲ್ಲಿ ಹೋದವೋ, ಅವನಿಗೂ ನೆನಪಿಲ್ಲ. ಈ ಒಂದು ಮಾತ್ರ ಮರೆತಿರಲಿಲ್ಲ. ಹೋದ ವರ್ಷ ಒಂದು ನಾಮಕರಣಕ್ಕೆಂದು ದಬ್ಬೇಘಟ್ಟಕ್ಕೆ ಹೋದಾಗ ತೋಟದ ಮೂಲೆಯಲ್ಲಿ ಅದು ತೆಂಗಿನ ಗರಿ ಮುಚ್ಚಿಕೊಂಡು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಜಾಗ ಖಾಲಿಯಾದರೆ ಸಾಕು, ತಗೊಂಡು ಹೋಗಿ ಎಂದರು ಕಂಟ್ರಾಕ್ಟರ ಮೊಮ್ಮಕ್ಕಳು. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಅದು ದೊಡ್ಡರಂಗಯ್ಯನ ಊರು ಹೊನ್ನವಳ್ಳಿಗೆ ಬಂತು.

ಅದನ್ನು ಸರಿಮಾಡಲು ಏಳು ತಿಂಗಳು ಹಿಡಿಯಿತು. ಕಾಲಿಡುವ ಕಡೆಯೆಲ್ಲ ತುಕ್ಕು ತಿಂದು ನೆಲ ಕಾಣುತ್ತಿತ್ತು. ಅಲ್ಲಿಗೆ ಹೊಸ ತಗಡು ಕತ್ತರಿಸಿ ಕೊಟ್ಟ, ಈರೇಶ ಬಂದು ವೆಲ್ಡ್ ಮಾಡಿದ. ನೆಗ್ಗಿಹೋಗಿದ್ದ ಮಡ್‌ಗಾರ್ಡನ್ನು ಒಳಗಡೆಯಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ, ಆ ಸದ್ದನ್ನು ಕಿವಿಯಲ್ಲೇ ಕೇಳಿ ಕೇಳಿ ಸಮಕ್ಕೆ ತಂದ. ಹಳೇ ಬಣ್ಣ ಉಜ್ಜುವಾಗ ಮೇಲೆ ಬಿಳಿ, ಅದರಡಿ ಕೆಂಪು, ಅದರಡಿ ತಾನು ಹೊಡೆದಿದ್ದ ತಿಳಿ ಹಸಿರು ಸಿಕ್ಕಿತು. ಆವತ್ತು ಊಟಕ್ಕೆ ಕರೆದರೂ ಬರಲಿಲ್ಲ. ಆ ಹಸಿರಿನ ಒಂದು ಚಕ್ಕೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ತಿಪಟೂರಿಗೆ ಹೋಗಿ ಅದಕ್ಕೆ ಸರಿಯಾದ ಬಣ್ಣ ಕಲಸಿಸಿ ತಂದಿದ್ದ.

ಆದರೆ ಗನ್ನು ಹಿಡಿಯುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಉಸಿರು ಕಟ್ಟಿ ತುಮಕೂರಿಗೆ ಸೇರಿಸಿದಾಗ, "ಇನ್ನೊಂದು ಸಲ ಈ ಬಣ್ಣದ ಗಾಳಿ ಎದೆಗೆ ಹೋದರೆ ನನ್ನ ಹತ್ತಿರ ಕರಕೊಂಡು ಬರಬೇಡಿ," ಎಂದಿದ್ದರು ಡಾಕ್ಟರು. ಅದನ್ನು ಅವನಿಗೆ ಹೇಳಿರಲಿಲ್ಲ, ಪುಟ್ಟಗಂಗಮ್ಮನಿಗೆ ಹೇಳಿದ್ದರು. ಮಾಸ್ಕ್ ಹಾಕಿಕೊಂಡರೆ ಆಯಿತಲ್ಲ ಎಂದು ಒಂದು ದಿನ ಹಾಕಿ ನೋಡಿದ್ದ. ಬೇರೆಯವರಿಗೆ ಉಸಿರು ಕೊಡುವ ಮಾಸ್ಕು ಅವನ ಉಸಿರನ್ನೇ ಹಿಡಿಯಿತು. ಅರ್ಧ ನಿಮಿಷಕ್ಕೆ ಕಿತ್ತೆಸೆದು ಗೋಡೆಗೊರಗಿದ್ದ.

"ತಗಡು ಬಡ್ಕಳಿ, ಪುಟ್ಟಿ ಮೆತ್ಕಳಿ, ನೀರಾಕ್ಕಂಡು ಉಜ್ಕಳಿ," ಎಂದಿದ್ದಳು ಪುಟ್ಟಗಂಗಮ್ಮ ಕಾರು ಇಳಿದ ದಿನವೇ. "ಗನ್ ಮುಟ್ಟಿದ ದಿವ್ಸ ನಾನು ತವರಿಗೆ ಹೊಂಟೆ."

"ಐವತ್ತೆಂಟಕ್ಕೆ ಯಾವ ತವ್ರು ಅತ್ತೆ?" ಎಂದು ಸೊಸೆ ಮಂಗಳಾ ನಕ್ಕಿದ್ದಳು.

ಏಳು ತಿಂಗಳಲ್ಲಿ ಪುಟ್ಟಗಂಗಮ್ಮ ಆ ಕಾರಿನ ಹತ್ತಿರ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅಂಗಳ ಗುಡಿಸುವಾಗಲೂ ಅದರ ಸುತ್ತ ಒಂದು ಮಾರು ಬಿಟ್ಟು ಗುಡಿಸುತ್ತಿದ್ದಳು.

ಈರೇಶ ಆ ಬಾಗಿಲಿನ ಹಸಿ ಬಣ್ಣವನ್ನೆಲ್ಲ ಥಿನ್ನರಿನಲ್ಲಿ ಒರೆಸಿ ತೆಗೆದು, ಉಳಿದ ಕಾರನ್ನು ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹಸಿರು ಕಾರಿಗೆ ಒಂದು ಬೂದು ಬಾಗಿಲು. ಮಾರನೆಯ ದಿನ ಅವನು ಹೆಂಡತಿ ಕಡೆಯ ಕೆಲಸಕ್ಕೆ ಚಿಕ್ಕನಾಯಕನಹಳ್ಳಿಗೆ ಹೋಗಬೇಕಿತ್ತು. ಅಲ್ಲಿಂದ ಬಂದರೆ ಶೆಡ್ಡಿನಲ್ಲಿ ಎರಡು ವ್ಯಾನು ಕಾಯುತ್ತಿದ್ದವು.

"ಹದಿನೈದು ದಿವ್ಸ ಕೊಡಿ ಮೇಸ್ತ್ರಿ. ಬಂದು ಹೊಡೆದ್ಬುಡ್ತೀನಿ. ಕಂಪ್ರೆಸರ್ ನಾಳೆ ಸಂಜೆ ಆಟೋ ಕಳಿಸಿ ತರಿಸ್ಕಂತೀನಿ."

"ಮಳೆ ಹಿಡ್ಕಂಡೈತಲ್ಲ. ಬರೀ ಪ್ರೈಮರ್ ಹದಿನೈದು ದಿನ ಶೀತ ಕುಡುದ್ರೆ ಅಡೀಲಿ ತುಕ್ಕು ಏಳಲ್ವೇನ್ಲಾ?"

ಈರೇಶ ತಲೆ ಕೆರೆದುಕೊಂಡ. ಅದಕ್ಕೆ ಉತ್ತರ ಇಬ್ಬರಿಗೂ ಗೊತ್ತಿತ್ತು.

ಅವನ ಬೈಕು ಹೋದ ಮೇಲೆ ದೊಡ್ಡರಂಗಯ್ಯ ಜಗಲಿಗೆ ಬಂದ. ಪುಟ್ಟಗಂಗಮ್ಮ ಅಟ್ಟದಿಂದ ಇಳಿಸಿದ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಳು. ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಸಡಿಲವಾಗಿ ಉರುಳಿದರೆ ಮಾತ್ರ ಮಚ್ಚು ತಗುಲಿಸುತ್ತಿದ್ದಳು. ಮೊಣಕೈವರೆಗೂ ಎಣ್ಣೆ ಮಿಂಚುತ್ತಿತ್ತು.

"ಕಾರು ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ ನಿಮ್ ಹಾಳು ತಗಡ್ನ."

"ಮಂಗಳಾ ಮುಟ್ಟಿರಬೇಕು ಹಂಗಾರೆ."

"ಮಾವಾ, ನನ್ನ ಯಾಕ್ ಎಳೀತೀರಿ?" ಒಳಗಿನಿಂದ ಮಂಗಳಾ ಕೂಗಿದಳು.

ಪುಟ್ಟಗಂಗಮ್ಮ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಯನ್ನು ಅಲ್ಲಾಡಿಸಿ ಕೇಳಿದಳು. ಅದನ್ನೇ ಮತ್ತೊಂದು ಸಲ ಕೇಳಿದಳು.

ಸಂಜೆ ಇಳಿಬಿಸಿಲಿನಲ್ಲಿ ಅವನು ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ವಾಟರ್ ಪೇಪರಿನಿಂದ ಆ ಬಾಗಿಲು ಉಜ್ಜುತ್ತಿದ್ದಾಗ ಹಿಂದೆ ಬಳೆ ಸದ್ದಾಯಿತು. ಪುಟ್ಟಗಂಗಮ್ಮ ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವನು ನಾಲ್ಕು ಸಲ ಉಜ್ಜಿ ಒಂದು ಸಲ ನಿಲ್ಲುತ್ತಿದ್ದ. ಎದೆಯಲ್ಲಿ ಸಿಳ್ಳೆಯಂಥ ಸದ್ದು.

"ಸೋಮವಾರ ನೀವು ಬಣ್ಣ ತರಕೆ ಹೋಗಿದ್ರಲ್ಲ, ಆವಾಗ ಬಂದಿದ್ದೆ," ಎಂದಳು.

ಅವನು ಉಜ್ಜುತ್ತಲೇ ಇದ್ದ.

"ಮೂವತ್ತೆಂಟು ವರ್ಷ ನಿಮ್ ಅಂಗಿ ಒಗ್ದಿದೀನಿ. ಒಂದಿನ ಕೆಂಪು, ಒಂದಿನ ನೀಲಿ. ಸೀಮೆಣ್ಣೆ ಹಾಕಿ ತಿಕ್ಕಿದ್ರೂ ಹೋಗ್ತಿರ್ಲಿಲ್ಲ. ಇವ್ರು ಅಲ್ಲಿ ಏನ್ ಮಾಡ್ತಾರೆ ಅಂತ ಕಣ್ಣಲ್ಲಿ ಕಂಡೋಳಲ್ಲ ನಾನು. ಶೆಡ್ಡಿಗೆ ಹೆಂಗಸ್ರು ಬರಬಾರ್ದು ಅಂತಿದ್ರಿ." ಸ್ವಲ್ಪ ತಡೆದು ಹೇಳಿದಳು: "ಮುಟ್ಟಿ ನೋಡ್ದೆ. ಎಲ್ಲಿ ತುಕ್ಕಿತ್ತು, ಎಲ್ಲಿ ತೇಪೆ ಹಾಕಿದ್ರಿ, ಒಂದೂ ಕೈಗೆ ಸಿಗ್ಲಿಲ್ಲ."

ದೊಡ್ಡರಂಗಯ್ಯನ ಕೈ ನಿಂತಿತು. ಅವನ ಕೆಲಸ ನೋಡಿ ಗಾಡಿಯವರು ಚೆನ್ನಾಗಿದೆ ಎಂದದ್ದುಂಟು. ಬೆರಳಲ್ಲಿ ತೇಪೆ ಹುಡುಕಿ ಸೋತವರು ಯಾರೂ ಇರಲಿಲ್ಲ.

"ಅದುಕ್ಕೆ ಎಣ್ಣೆ ಕೈಯೇ ಆಗಬೇಕಿತ್ತಾ?" ಎಂದ.

"ಇನ್ನೇನು, ನಿಮ್ ಕಾರು ನೋಡಕ್ಕೆ ತಲೆಗ್ ನೀರಾಕ್ಕಂಡು ಮಡೀಲಿ ಬರಬೇಕಿತ್ತಾ?" ಎಂದು ಅವನ ಕೈಯಿಂದ ಪೇಪರ್ ಕಿತ್ತುಕೊಂಡಳು. "ಸರೀರಿ. ನಿಮ್ ಸಿಳ್ಳೆ ಕೇಳಕ್ಕಾಗಲ್ಲ."

ಮಾರನೆಯ ದಿನ ಬೆಳಿಗ್ಗೆ ಮೋಡ ಚದುರಿ, ಗರಿ ಅಲ್ಲಾಡದಷ್ಟು ಗಾಳಿ ನಿಂತಿತ್ತು. ಬಣ್ಣ ಹೊಡೆಯುವುದಕ್ಕೆ ಅಂಥ ಬೆಳಗು ವರ್ಷಕ್ಕೆ ಹತ್ತು ಸಿಕ್ಕಿದರೆ ಹೆಚ್ಚು. ಪುಟ್ಟಗಂಗಮ್ಮ ಹಸುವಿಗೆ ಮುಸುರೆ ಇಟ್ಟು ಬರುವಷ್ಟರಲ್ಲಿ ಕಂಪ್ರೆಸರ್ ಸದ್ದು ಕೇಳಿಸಿತು. ಓಡಿ ಬಂದಳು. ಮೂಗು ಬಾಯಿಗೆ ಒದ್ದೆ ಟವೆಲ್ ಸುತ್ತಿಕೊಂಡು ದೊಡ್ಡರಂಗಯ್ಯ ಗನ್ನಿಗೆ ಬಣ್ಣ ಸುರಿಯುತ್ತಿದ್ದ.

ಅವಳು ನೆಟ್ಟಗೆ ಹೋಗಿ ಬಾಗಿಲಿಗೂ ಅವನಿಗೂ ನಡುವೆ ನಿಂತಳು.

"ಹೊಡೀರಿ. ಮೊದ್ಲು ನನ್ಮೇಲೆ ಹೊಡೀರಿ."

"ಒಂದೇ ಬಾಗ್ಲು ಕಣೇ. ಹತ್ತು ನಿಮ್ಷದ ಕೆಲ್ಸ."

"ಹತ್ತು ನಿಮ್ಷಕ್ಕೆ ಏನಾಗ್ತದೆ ಅಂತ ಡಾಕ್ಟ್ರು ನಿಮಗೆ ಹೇಳಿಲ್ಲ. ನನಗ್ ಹೇಳವ್ರೆ."

"ಗಂಗೂ, ಇದೇ ಕೊನೇದು. ಇನ್ನೊಂದು ಗಾಡಿ ಮುಟ್ಟಲ್ಲ. ಮೊದಲ್ನೇದೂ ಇದೇ. ಇನ್ನೊಬ್ರು ಕೈಲಿ..." ಮಾತು ಮುಗಿಯುವ ಮೊದಲೇ ಕೆಮ್ಮು ಬಂತು. ಟವೆಲ್ ಕಿತ್ತು ಬಗ್ಗಿ ಕೆಮ್ಮಿದ. ಇನ್ನೂ ಒಂದು ತೊಟ್ಟು ಬಣ್ಣ ಹೊರಗೆ ಬಂದಿರಲಿಲ್ಲ. ಥಿನ್ನರಿನ ವಾಸನೆಯೇ ಅಷ್ಟು ಮಾಡಿತ್ತು.

ಪುಟ್ಟಗಂಗಮ್ಮ ಅವನ ಬೆನ್ನು ನೀವಿದಳು. ಕೆಮ್ಮು ಇಳಿಯುವವರೆಗೂ ನೀವಿ, ಗನ್ನನ್ನು ಅವನ ಕೈಯಿಂದ ಬಿಡಿಸಿದಳು. ಅಷ್ಟು ಭಾರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಕೈ ಜಗ್ಗಿತು.

"ಹೆಂಗ್ ಹಿಡ್ಕಳದು ಹೇಳಿ."

"ಹುಚ್ಚು ಹಿಡೀತಾ ನಿಂಗೆ?"

"ಹುಚ್ಚು ಏಳು ತಿಂಗ್ಳಿಂದ ನಿಮಗೆ ಹಿಡ್ದಿರೋದು. ಹೇಳಿ."

ಅವನು ಅವಳನ್ನು ನೋಡಿದ. ಆಮೇಲೆ ಬಾಗಿಲನ್ನು ನೋಡಿದ.

"ಮೊದ್ಲು ಕೈ ತೊಳ್ಕೋ," ಎಂದ.

ಅವಳು ಸೀಗೆಪುಡಿ ಹಾಕಿ ಮೊಣಕೈವರೆಗೂ ಮೂರು ಸಲ ತೊಳೆದಳು. ಮೂರನೆಯ ಸಲ ತೊಳೆದ ಮೇಲೆ ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಕಾಗದಕ್ಕೆ ಒತ್ತಿಸಿ, ಕಾಗದವನ್ನು ಬಿಸಿಲಿಗೆ ಹಿಡಿದು ಎಣ್ಣೆ ಕಲೆ ಇಲ್ಲವೆಂದು ನೋಡಿದ. ಈರೇಶ ಬಿಟ್ಟುಹೋಗಿದ್ದ ಮಾಸ್ಕನ್ನು ಅವಳ ಮುಖಕ್ಕೆ ಕಟ್ಟಿ, ಕೂದಲನ್ನು ಪಟ್ಟಿಯಿಂದ ಆಚೆ ಬಿಡಿಸಿದ. ಒಂದು ಹಳೇ ರಟ್ಟನ್ನು ತೆಂಗಿನ ಮರಕ್ಕೆ ಒರಗಿಸಿ, ಗನ್ನಿಗೆ ಬರೀ ನೀರು ಹಾಕಿ ಕೊಟ್ಟ.

ಮೊದಲ ಸಲ ನೀರು ಒಂದೇ ಕಡೆ ಬಿದ್ದು ಇಳಿದುಹೋಯಿತು. ಎರಡನೇ ಸಲ ಮಧ್ಯೆ ಪಟ್ಟೆ ಪಟ್ಟೆಯಾಗಿ ಒಣ ಜಾಗ ಉಳಿಯಿತು.

"ಕೈ ನಿಲ್ಲಿಸ್ಬ್ಯಾಡ. ಮಣಿಕಟ್ಟು ತಿರುಗಿಸ್ಬ್ಯಾಡ, ತೋಳೇ ಹೋಗ್ಲಿ. ನೋಡು, ನೆಲ ಸಾರಿಸಲ್ವಾ? ಒಂದು ಎಳ್ತ ಎಳ್ದು, ಅದ್ರ ಅರ್ಧದ ಮೇಲೆ ಇನ್ನೊಂದು ಎಳ್ತ ತರ್ತೀಯಲ್ಲ, ಹಂಗೆ."

"ಅದುನ್ನ ಮೊದ್ಲೇ ಹೇಳಬಾರ್ದಾ?" ಎಂದಳು ಮಾಸ್ಕಿನೊಳಗಿಂದ.

ಮೂರನೇ ಸಲ ರಟ್ಟು ಒಂದೇ ಸಮ ಒದ್ದೆಯಾಯಿತು. ದೊಡ್ಡರಂಗಯ್ಯ ಹತ್ತಿರ ಹೋಗಿ ನೋಡಿದ. ಮೂವತ್ತು ವರ್ಷ ಎಷ್ಟೋ ಜನಕ್ಕೆ ಕಲಿಸಿದ್ದ, ಯಾರಿಗೂ ಮೂರೇ ಸಲಕ್ಕೆ ಬಂದಿರಲಿಲ್ಲ.

"ಪರವಾಗಿಲ್ಲ," ಎಂದು ಗನ್ನಿನ ನೀರು ಚೆಲ್ಲಿ, ಒಳಗೆಲ್ಲ ಒಣಗಿಸಿ, ಬಣ್ಣದ ಡಬ್ಬಿ ತೋರಿಸಿ, "ಸುರ್ಕೋ," ಎಂದ.

"ಇನ್ನ ನೀವು ನಡೀರಿ. ಚಪ್ಪಡಿ ಮೇಲೆ."

"ಅಲ್ಲಿಂದ ನನಗೇನ್ ಕಾಣ್ತದೆ?"

"ನಾನ್ ಕಾಣ್ತೀನಲ್ಲ. ನಡೀರಿ."

ಅವನು ನಡೆದ. ಚಪ್ಪಡಿ ಮುಟ್ಟುವವರೆಗೂ ಅವಳು ಗನ್ನು ಎತ್ತಲಿಲ್ಲ. ಅವನು ಕೂತದ್ದನ್ನು ನೋಡಿಕೊಂಡೇ ಬಾಗಿಲಿನ ಕಡೆ ತಿರುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ನಿಂತಳು.

ಕಂಪ್ರೆಸರ್ ಸದ್ದಿನಲ್ಲಿ ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ಹಸಿರು ಮಂಜು ಎದ್ದಿತು, ಗಾಳಿ ಇಲ್ಲದ್ದರಿಂದ ಅವಳ ಸುತ್ತಲೇ ನಿಂತಿತು. ಅದರೊಳಗೆ ಅವಳ ತೋಳು ಎಡದಿಂದ ಬಲಕ್ಕೆ ಹೋಯಿತು, ಒಂದು ಗೇಣು ಇಳಿದು ಬಲದಿಂದ ಎಡಕ್ಕೆ ಬಂತು. ಟೀ ಲೋಟ ಹಿಡಿದು ಬಂದ ಮಂಗಳಾ ಚಪ್ಪಡಿಯ ಹತ್ತಿರ ನಿಂತಳು. ಮಾವ ಅವಳನ್ನು ಗಮನಿಸಲಿಲ್ಲ. ಅವನ ಬಲಗೈ ಮಡಿಲಿನಿಂದ ಮೇಲೆದ್ದಿತ್ತು. ಏನನ್ನೋ ಹಿಡಿದ ಹಾಗೆ ಬೆರಳು ಬಗ್ಗಿದ್ದವು. ಅತ್ತೆಯ ತೋಳು ಅಲ್ಲಿ ಹೋದ ಕಡೆಗೆ ಅವನ ತೋಳು ಇಲ್ಲಿ ಹೋಗುತ್ತಿತ್ತು. ಅವಳು ಬಾಗಿಲಿನ ಅಂಚು ದಾಟಿ ಬೆರಳು ಬಿಟ್ಟಾಗ ಇವನೂ ಬೆರಳು ಬಿಟ್ಟ. ಅವಳು ಬಗ್ಗಿ ಕೆಳಗಿನ ಸಾಲು ಹಿಡಿದಳು, ಇವನೂ ಕೂತಲ್ಲೇ ಸ್ವಲ್ಪ ಬಗ್ಗಿದ.