ಜಾರಿಕೊಳ್ಳುವ ಗಂಡ

ಮನೆಗೆಲಸ ಅಂದರೆ ಸಾಕು, ಬೇಕರಿಯವಳ ಗಂಡ ಎಣ್ಣೆ ಹಚ್ಚಿದವನಂತೆ ಜಾರಿಕೊಳ್ಳುತ್ತಿದ್ದ. ಅಂಥವನು ರಜೆಗೆ ಹಿಮದ ಮೇಲೆ ಜಾರಲು ಹೋಗೋಣವೆಂದಾಗ ಅವಳಿಗೆ ನಗು ಬಂದಿತ್ತು. ನೋಡಿಟ್ಟ ಸ್ಕೀ ರೆಸಾರ್ಟುಗಳು ಎರಡು. ಮಕ್ಕಳಿಗೆ ಹತ್ತಾರು ಇಳಿಜಾರುಗಳ ದೊಡ್ಡದೇ ಬೇಕು. ಅವನೋ ಒಂದೇ ಗುಡ್ಡದ ಚಿಕ್ಕದಕ್ಕೆ ಜೋತುಬಿದ್ದಿದ್ದ.

“ಜಿಪುಣ ಅಂದ್ರೆ ಜಿಪುಣ ನಿಮ್ಮಪ್ಪ!” ಎಂದು ಮಕ್ಕಳ ಮುಂದೆಯೇ ಅಂದುಬಿಟ್ಟಳು. ಅವನು ಎಂದಿನಂತೆ ಅಲ್ಲಿಂದ ಜಾರಿಕೊಂಡ.

ಮರುದಿನ ಅವಳು ಸ್ಟೂಲಿನ ಮೇಲೆ ಕೂತು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಾಗ, ಅವನು ಮೇಜಿನ ಮೇಲೆ ಬಿಟ್ಟಿದ್ದ ಫೋನ್ ಬಡಿದುಕೊಂಡಿತು. ಹಿಟ್ಟಿನ ಬೆರಳಿನಿಂದಲೇ ಸ್ಪೀಕರ್ ಒತ್ತಿದಳು. ಚಿಕ್ಕ ರೆಸಾರ್ಟಿನವರು.

“ಸಾರ್, ನೀವು ಕೇಳಿದ್ರಲ್ಲ, ನಮ್ಮ ಡೈನಿಂಗ್ ಹಾಲ್ ಕಿಟಕೀಲಿ ಗುಡ್ಡ ಪೂರ್ತಿ ಕಾಣತ್ತೆ. ಮೇಡಂ ಆಪರೇಷನ್ ಆದ ಕಾಲು ಚಾಚ್ಕೊಂಡು, ಕೂತಲ್ಲೇ ನಿಮ್ಮೆಲ್ಲರನ್ನೂ ನೋಡಬಹುದು.”

ಎಲ್ಲರೂ ಹಿಮಕ್ಕಿಳಿದರೆ ತಾನೊಬ್ಬಳೇ ಕೋಣೆಯ ಗೋಡೆ ನೋಡುತ್ತ ಕೂರಬೇಕಲ್ಲ ಎಂಬ ಸಂಕಟವನ್ನು ಅವಳು ಯಾರೆದುರೂ ಬಾಯಿಬಿಟ್ಟಿರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಗಂಡ ಮೆಲ್ಲಗೆ ಹಿಂದೆ ಸರಿಯುತ್ತಿದ್ದ.

“ಮತ್ತೆ ಜಾರಿಕೊಳ್ತಿದೀರಾ?” ಎಂದಳು. ಕಣ್ಣೊರೆಸಿಕೊಂಡ ಕೆನ್ನೆಗೆಲ್ಲ ಹಿಟ್ಟು ಮೆತ್ತಿತ್ತು. “ಜಾರೋದೆಲ್ಲ ಆ ಗುಡ್ಡದ ಮೇಲೆ ಜಾರಿ, ರೀ. ಕಿಟಕೀಲಿ ನಾನಿರ್ತೀನಿ.”