ಮೊದಲಿನ ಸುಭಾಸ

ನನ್ನ ಅತ್ತೆ ಶಿವಗಂಗವ್ವನ ಪ್ರಕಾರ ಅವಳ ಮಗನ ಬುದ್ಧಿ ಕೆಟ್ಟದ್ದು ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಗುದ್ದಿದ್ದರಿಂದ ಅಲ್ಲ, ನನ್ನಿಂದ. ಅಪಘಾತದ ದಿನ ತಲೆಯ ಸ್ಕ್ಯಾನಿಂಗಿಗೆ ಒಯ್ಯುವಾಗ, ಸುಭಾಸನ ಕೊರಳಲ್ಲಿದ್ದ ಲಿಂಗವನ್ನು ಬೆಳ್ಳಿಯ ಕರಡಿಗೆ ಸಮೇತ ತೆಗೆಯಿರಿ ಅಂದರು. ಗಂಡ ಉಳಿದರೆ ಸಾಕೆಂದು ತೆಗೆದೆ; ಸ್ಕ್ಯಾನಿಂಗ್ ಮುಗಿದ ಮೇಲೆ ಮತ್ತೆ ಕಟ್ಟಿದೆ. ಲಿಂಗ ಮೈಬಿಟ್ಟ ಮೇಲೆ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂದು ಎಂಟು ತಿಂಗಳಿಂದ ದೇವಿಕೊಪ್ಪದ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಾಳೆ. ನಾನೂ ಬಾಯಿಲ್ಲದವಳಲ್ಲ, ತಿರುಗಿ ಬೈದಿದ್ದೇನೆ.

ಆ ಎಂಟು ತಿಂಗಳು ಅವನನ್ನು ಎಬ್ಬಿಸಿ, ಗೋಡೆ ಹಿಡಿಸಿ, ಹೆಜ್ಜೆ ಹಾಕಿಸಿದವಳು ನಾನು. ಒಂದೊಂದೇ ಶೇಂಗಾ ಎತ್ತಿ ಬಟ್ಟಲಿಗೆ ಹಾಕುವುದನ್ನು ಕಲಿಸಿದೆ. ಈಗ ಅಂಗಳ ದಾಟುತ್ತಾನೆ, ತಾನೇ ಉಣ್ಣುತ್ತಾನೆ, ನಾಲ್ಕು ಮಾತು ಕೂಡಿಸಿ ಆಡುತ್ತಾನೆ. ಅತ್ತೆಗೆ ಅದು ಸಾಲದು. ಭಾವ ಶಂಕ್ರಪ್ಪ ಹುಬ್ಬಳ್ಳಿಯ ಯಾವುದೋ ಖಾಸಗಿ ದವಾಖಾನೆಯ ಸುದ್ದಿ ತಂದ. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರಲ್ಲಿಯ ಸ್ಟೆಮ್ ಸೆಲ್ ಬೇರೆ ಮಾಡಿ, ಬೆನ್ನಿಗೆ ಚುಚ್ಚುತ್ತಾರಂತೆ. ಸತ್ತ ಮೆದುಳು ಚಿಗುರುತ್ತದಂತೆ. "ಅದಿನ್ನೂ ಪ್ರಯೋಗದಾಗ ಐತ್ರಿ, ಖಾತ್ರಿ ಇಲ್ಲ. ವ್ಯಾಯಾಮ ಮಾತ್ರ ಬಿಡಬ್ಯಾಡ್ರಿ," ಎಂದು ಸರಕಾರಿ ದವಾಖಾನೆಯ ಡಾಕ್ಟರು ನನಗೆ ಹೇಳಿದ್ದರು. ಅದನ್ನು ಮನೆಯಲ್ಲಿ ಹೇಳಿದೆ. ನನ್ನ ಮಾತು ಯಾರು ಕೇಳಬೇಕು? ಗಾಡಿ ಮಾಡಿಸಿ ಹೊರಡಿಸಿಯೇ ಬಿಟ್ಟರು.

"ಇಂಥಾವ್ರು ಎಷ್ಟ ಮಂದಿ ಆರಾಮ ಆಗ್ಯಾರ್ರಿ?" ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ.

"ಮೊದ್ಲ ನಂಬಿಕಿ ಇರಬೇಕ್ರಿ," ಎಂದು ಆತ ನಕ್ಕ. ಆ ನಗೆಗೆ ಒಂದು ಬಾರಿಸಬೇಕು ಅನ್ನಿಸಿತು.

ನರ್ಸ್ ಬಂದು, ಸುಭಾಸನನ್ನು ಮಂಚದ ಮೇಲೆ ಕೂಡಿಸಿ ಅಂಗಿ ಬಿಚ್ಚಿಸಿ, "ಕೊರಳಾಗಿಂದು ತಗೀರಿ," ಅಂದಳು. ನಾನು ಕೈಕಟ್ಟಿ ನಿಂತು ಅತ್ತೆಯ ಮುಖ ನೋಡಿದೆ. ಈಗ ಬೈಯಲಿ ನೋಡೋಣ. ಅತ್ತೆ ಎದ್ದು ಹೋಗಿ, ತನ್ನ ಕೈಯಾರೆ ಮಗನ ಲಿಂಗ ಕಳಚಿ ಸೆರಗಿನಲ್ಲಿ ಕಟ್ಟಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. "ಎಂಟ ತಿಂಗಳ ನನ್ನ ಜೀವಾ ತಿಂದ್ರೆಲ್ಲಾ ಅತ್ತಿ, ಈಗ ನಿಮ್ಮ ಕೈಗೆ ಏನಾತ್ರಿ?"

"ನನ್ನ ಮೊದಲಿನ ಮಗಾ ತಿರಗಿ ಬರ್ತಾನಂದ್ರ ನನ್ನ ಕೊರಳಿಂದೂ ತಗದ ಕೊಡ್ತೇನಿ. ಸಹಿ ಮಾಡು, ನಂದಾ."

ಶಂಕ್ರಪ್ಪ ಒಪ್ಪಿಗೆಯ ಕಾಗದ ನನ್ನ ಕೈಗೆ ತುರುಕಿದ. ಹೆಂಡತಿಯ ಸಹಿಯೇ ಬೇಕಂತೆ.

"ಮಾಡೂದಿಲ್ಲ," ಅಂದೆ.

"ಸೊಕ್ಕ ನೋಡು ಇಕಿದು!" ಎಂದು ಅವನು ಕೂಗಿದ.

"ಸೊಕ್ಕಲ್ಲೋ," ಅಂದಳು ಅತ್ತೆ. "ಅಂವಾ ಹಿಂಗ ಇದ್ರ ಇಕಿಗಿ ಚಲೋ. ಆರಾಮ ಆದ್ರ ಮತ್ತ ಕೈ ಎತ್ತತಾನಂತ ಹೆದರ್ಯಾಳ."

ಕಾಯುತ್ತ ಕೂತಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಹನ್ನೊಂದು ವರ್ಷ ಗೋಡೆಯಾಚೆ ಮಲಗಿ ನನಗೆ ಬಿದ್ದ ಏಟುಗಳನ್ನು ಕೇಳಿಸಿಕೊಂಡು ಒಂದು ದಿನವೂ ಬಾಗಿಲು ಬಡಿಯದ ಹೆಂಗಸು ಇದು. ಅವಳನ್ನು ಆ ಗಳಿಗೆಯಲ್ಲಿ ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ. ಆದರೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಈ ಚಿಕಿತ್ಸೆಗೆ ಖಾತ್ರಿಯಿಲ್ಲ ಎಂದು ಎಲ್ಲರಿಗೂ ಸಾರಿದ್ದೆ. ಎಲ್ಲಿ ನಿಜವಾಗಿ ಗುಣವಾಗಿಬಿಡುತ್ತದೋ ಎಂಬ ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ.

ಮಂಚದ ಹತ್ತಿರ ಹೋಗಿ ಅವನನ್ನೇ ಕೇಳಿದೆ. "ಸೂಜಿ ಮಾಡಿಸ್ಕೊಂತೀರೇನ್ರಿ? ಮೊದಲಿನಂಗ ಆಗತೀರಂತ."

ಸುಭಾಸ ನನ್ನ ಕಡೆ ಮುಖ ಎತ್ತಿದ.

"ಮೊದ್ಲ... ನಾ ಹ್ಯಾಂಗ ಇದ್ದೆ?"

"ನಿಮ್ಮವ್ವನ್ನ ಕೇಳ್ರಿ," ಅಂದೆ.

ಅವನು ತಾಯಿಯ ಕಡೆ ತಿರುಗಿ, ಉತ್ತರಕ್ಕಾಗಿ ಕಾಯುತ್ತ ಕೂತ. ಶಿವಗಂಗವ್ವ ಅವನ ಕಣ್ಣು ತಪ್ಪಿಸಿ, ಲಿಂಗ ಕಟ್ಟಿದ್ದ ಸೆರಗಿನ ಗಂಟು ಬಿಚ್ಚತೊಡಗಿದಳು. ನಾನು ಸಹಿಯಿಲ್ಲದ ಕಾಗದವನ್ನು ಶಂಕ್ರಪ್ಪನ ಕೈಗೆ ಕೊಟ್ಟು ಗಂಡನಿಗೆ ಅಂಗಿ ತೊಡಿಸತೊಡಗಿದೆ. ಅತ್ತೆ ತಡೆಯಲಿಲ್ಲ.