ಮಿಷಿನ್ ಬರೆದ ಹಾಜರಿ

“ಕಳ್ಳಿ ನೀನಬೇ! ನಮ್ಮ ಪ್ರೋಗ್ರಾಂ ಕದ್ದು ಪುಕ್ಕಟ ಹಂಚ್ಲತ್ತಿದಿ. ನಿಮ್ಮ ಓಣಿಯವ್ರಿಗಿ ಇಷ್ಟು ತಲಿ ಎಲ್ಲಿಂದ ಬರ್ತದ?”

ಬೀದರಿನ ತನ್ನ ಆಫೀಸಿನಲ್ಲಿ ನಂದಕುಮಾರ ಹೀಗೆ ಒದರುತ್ತಿದ್ದ. ಅವನ ಗಿರಾಕಿ ಹಾವಗೆಪ್ಪ, ಭಾಲ್ಕಿ ಕಡೆ ಕಬ್ಬು ಕಡಿಸುವ ಗುತ್ತೇದಾರ, ಚಹಾ ಹೀರುತ್ತ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದ.

ಕದ್ದವಳು ನಾನಂತೆ! ಕೂಲಿಯವರ ಹಾಜರಿ ಬರೆಯುವ ಆ ಪ್ರೋಗ್ರಾಂ ಮಾಡಿದವಳೇ ನಾನು, ಮನ್ನಳ್ಳಿಯ ಪ್ರಣಾಲಿ. ಗುತ್ತೇದಾರರು ನಮ್ಮ ಹೆಂಗಸರ ಅರ್ಧ ದಿನದ ಕೂಲಿ ನುಂಗುವುದನ್ನು ನೋಡಲಾರದೆ ಬರೆದೆ. ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟೆ. ಯಾರಾದರೂ ತಗೊಳ್ಳಲಿ, ತಿದ್ದಲಿ. ನನ್ನ ಹೆಸರೊಂದು ಅಳಿಸಬಾರದು, ಅಷ್ಟೇ ಷರತ್ತು. ಈ ಪುಣ್ಯಾತ್ಮ ನಂದಕುಮಾರ ಅದನ್ನು ಎಐ ಮಿಷಿನ್ನಿಗೆ ತಿನ್ನಿಸಿ, ಅದು ಕಾರಿದ್ದನ್ನು ತನ್ನದೆಂದು ಮಾರಲು ಕೂತಿದ್ದಾನೆ. ನನ್ನ ಹೆಸರು ಮಾಯ. ಕೇಳಲು ಬಂದರೆ, ‘ನಿನ್ನದನ್ನೇ ತೆಗೆದು ಹಾಕು, ಇಲ್ಲದಿದ್ದರೆ ಸೈಬರ್ ಪೊಲೀಸರಿಗೆ ಕಳವಿನ ದೂರು ಕೊಟ್ಟು ಮುಚ್ಚಿಸುತ್ತೇನೆ’ ಎನ್ನುತ್ತಾನೆ.

“ನಾ ಬರದದ್ದರಿ ಅದು,” ಎಂದೆ.

“ಮಿಷಿನ್ ಬರದದ. ಮಿಷಿನ್ ಬರದಿದ್ದಕ್ಕ ಮಾಲಕ ಇರಲ್ಲ.”

“ಮಾಲಕ ಇಲ್ಲಂದ್ರ ನೀವ್ ಹ್ಯಾಂಗ ಮಾರ್ತೀರಿ?”

“ಬಾಯಿ ಮುಚ್ಚು, ಹಲ್ಕಟ್!”

ನನಗೆ ಮೈಯೆಲ್ಲ ಉರಿಯಿತು. “ಹಾವಗೆಪ್ಪನೋರ, ಏಪ್ರಿಲ್ ಹದಿನಾಕರ ಹಾಜರಿ ಹಾಕಿ ನೋಡ್ರಿ,” ಎಂದೆ.

ಅವನು ನಂದಕುಮಾರನ ಕಂಪ್ಯೂಟರಿನಲ್ಲಿ ತಾರೀಖು ಒತ್ತಿದ. ‘ಇವತ್ತ ಬಾಬಾಸಾಹೇಬರ ಜಯಂತಿ. ಕೆಲಸ ಇಲ್ಲ. ಪೂರ್ತಿ ಕೂಲಿ’ ಎಂದು ತೆರೆಯ ತುಂಬ ಮೂಡಿತು.

ಆ ದಿನ ನಮ್ಮ ಓಣಿಯಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಆ ದಿನದ ಕೂಲಿಯನ್ನೂ ಬಿಡುವುದಿಲ್ಲ. ನನ್ನ ಅವ್ವ ಕೌಸಲ್ಯಾಬಾಯಿ ಗುತ್ತೇದಾರನ ಮನೆ ಮುಂದೆ ಹಟ ಹಿಡಿದು ಕೂತು ಗಿಟ್ಟಿಸಿದ ಕರಾರು ಅದು; ನಾನು ಅದನ್ನೇ ಪ್ರೋಗ್ರಾಮಿನಲ್ಲಿ ಬರೆದಿದ್ದೆ. ನನ್ನ ಹೆಸರು ಬಿಟ್ಟ ಮಿಷಿನ್ನು ಇದನ್ನು ಮಾತ್ರ ಅಕ್ಷರ ಬಿಡದೆ ಇಳಿಸಿಕೊಂಡಿತ್ತು.

“ಇದೇನ್ರಿ ಸೇಠ, ಕೆಲಸ ಇಲ್ದೆ ಕೂಲಿ? ಯಾರಪ್ಪನ ರೊಕ್ಕ?” ಹಾವಗೆಪ್ಪ ಚಹಾದ ಕಪ್ಪು ಕುಕ್ಕಿದ.

“ಈಗ ತಗದ ಹಾಕ್ತೇನ್ರಿ…” ನಂದಕುಮಾರ ಮೇಲೆ ಕೆಳಗೆ ತಡಕಾಡಿದ. ಒಂದು ಸಾಲನ್ನಾದರೂ ಓದಿದ್ದರೆ ತಾನೆ ಸಿಗುವುದು! ಕೊನೆಗೆ ನನ್ನ ಕಡೆಗೇ ತಿರುಗಿದ. “ಎಲ್ಲ್ಯದ ಹೇಳಬೇ.”

“ಮಿಷಿನ್ನಿಗಿ ಕೇಳ್ರಿ.”

ಹಾವಗೆಪ್ಪ ಚಪ್ಪಲಿ ಮೆಟ್ಟಿ ಹೊರಟ. “ಸಾಹೇಬ್ರ, ನಿಲ್ರಿ ಜರಾ,” ಎನ್ನುತ್ತ ನಂದಕುಮಾರ ಹಿಂದೆ ಓಡಿದ. ನಾನು ಅವನ ಕುರ್ಚಿಯಲ್ಲಿ ಕೂತೆ. ಎರಡೂ ಪ್ರೋಗ್ರಾಂ ಪಕ್ಕಪಕ್ಕ ಇಟ್ಟು, ಅವನದೇ ಕಂಪ್ಯೂಟರಿನಿಂದ ಅವನ ಮೇಲೆ ಅದೇ ಸೈಬರ್ ಪೊಲೀಸರಿಗೆ ಕಳವಿನ ದೂರು ಬರೆಯತೊಡಗಿದೆ.

ಅವನು ಬರಿಗೈಲಿ ವಾಪಸಾದ. “ಬೀದರದಾಗ ನಿನಗ ಯಾರ ಕೆಲಸ ಕೊಡ್ತಾರ ನೋಡ್ತೇನಿ! ಏಳಬೇ, ಏಳು ನನ್ನ ಕುರ್ಚಿ ಮ್ಯಾಲಿಂದ!”

ದೂರಿನ ಕೆಳಗೆ ‘ಪ್ರಣಾಲಿ ಕೌಸಲ್ಯಾಬಾಯಿ, ಮನ್ನಳ್ಳಿ’ ಎಂದು ಪೂರ್ತಿ ಹೆಸರು ಹಾಕಿದೆ. ಕಳಿಸಿದೆ. ಆಮೇಲೆ ಎದ್ದೆ.